ಡೈರಿಗೆ ಹಾಕದ ಹಾಲು

ನಮ್ಮನೇಲಿ ಮೊಸರು ಆಗೋದೇ ನಿಂತುಹೋಯ್ತು. ಇದನ್ನ ಹೇಳಿದ್ರೆ ನಗೋರು ನಗ್ತಾರೆ, ಗಂಡನಿಗೆ ಕ್ಯಾನ್ಸರು, ಇವಳಿಗೆ ನೋಡಿದ್ರೆ ಮೊಸರಿನ ಚಿಂತೆ ಅಂತ. ನಗ್ಲಿ ಬಿಡಿ. ಸಾಯಂಕಾಲ ಹಾಲು ಕಾಯಿಸಿ, ಹದವಾಗಿ ಆರಿಸಿ, ಹೆಪ್ಪು ಹಾಕಿ, ಬೆಳಿಗ್ಗೆ ಎದ್ದು ಮುಚ್ಚಳ ತೆಗೆದ್ರೆ ಹಾಲು ಹಾಲಾಗೇ ಇದ್ರೆ ಯಾರಿಗೆ ತಾನೇ ಮೈ ಉರಿಯಲ್ಲ? ಕರೆಯೋ ಹಸು ಎರಡು ಕಟ್ಕೊಂಡಿರೋ ಮನೆ ನಮ್ಮದು. ಬೇತಮಂಗಲದ ರಸ್ತೇಲಿ ಬಸ್ಸಿಳಿದು ಒಳಗೆ ನಡೆದ್ರೆ ಸಿಗೋ ಊರು, ಊರಲ್ಲಿ ಹಾಲಿಲ್ಲದ ಮನೆ ಅಂತ ಒಂದಿಲ್ಲ. ಅಂಥ ಊರಲ್ಲಿ ನಾನು ಲೋಟ ಹಿಡ್ಕೊಂಡು ಪಕ್ಕದ ಮನೆಗೆ ಮೊಸರು ಕೇಳೋಕೆ ಹೋಗ್ಬೇಕಾಯ್ತು.

ಪಕ್ಕದ ಮನೆ ವೆಂಕಟರತ್ನಮ್ಮ ಕೊಟ್ರು, ಕೊಡದೆ ಏನು. ಕೊಡ್ತಾ ಕೊಡ್ತಾನೇ, ನಾವು ಪಾತ್ರೆ ಸರಿಯಾಗಿ ತೊಳೀತೀವೋ ಇಲ್ವೋ ಅಂತಾನೂ ವಿಚಾರಿಸಿಕೊಂಡ್ರು. ಅವರ ಹೆಪ್ಪು ತಂದು ಹಾಕಿದೆ, ಆಗ್ಲಿಲ್ಲ. ಪಾತ್ರೆ ಬದಲಾಯಿಸಿದೆ, ಹುಣಸೆಹಣ್ಣು ಹಾಕಿ ಉಜ್ಜಿದೆ, ಒಲೆ ಪಕ್ಕ ಇಟ್ಟೆ, ಗೋಣಿಚೀಲ ಸುತ್ತಿ ಇಟ್ಟೆ. ಏನು ಮಾಡಿದ್ರೂ ಆಗ್ಲಿಲ್ಲ. ನಮ್ಮತ್ತೆ ಮಂಗಮ್ಮ ಇದು ಕಣ್ಣು ಬಿದ್ದಿರೋದೇ ಅಂತ ತೀರ್ಮಾನ ಮಾಡಿ, ಉಪ್ಪು ಮೆಣಸಿನಕಾಯಿ ಮನೆಗೆಲ್ಲ ನಿವಾಳಿಸಿ ಒಲೆಗೆ ಹಾಕಿದ್ರು. ಘಾಟು ಮೂಗು ಕಿತ್ಕೊಂಡು ಹೋಗ್ತಿತ್ತು. ಒಳಗೆ ಮಲಗಿದ್ದ ನಮ್ಮನೆಯವರು ಎದ್ದು ಕೂತು ಕೆಮ್ಮಿದ್ದೇ ಕೆಮ್ಮಿದ್ದು. ಅವರ ಬೆನ್ನು ತಿಕ್ತಾ ನಾನು ಬಯ್ತಾ ಇದ್ರೆ, ಅತ್ತೆ ಬಾಗಿಲಲ್ಲಿ ನಿಂತು, ಘಾಟೇ ಬರ್ಲಿಲ್ಲ ನೋಡಿದ್ಯಾ, ದೃಷ್ಟಿ ಇದ್ದಿದ್ದು ನಿಜಾನೇ ಅಂದ್ರು. ಈ ಮನೇಲಿ ನಾನು ಹೇಗೆ ಬಾಳ್ಲಿ ಹೇಳಿ.

ನಮ್ಮನೆಯವರ ಹೆಸರು ಸುಧಾಕರ್. ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ವೈಟ್‌ಫೀಲ್ಡ್ ಕಡೆ ಒಂದು ಫ್ಯಾಕ್ಟರಿಯ ಸ್ಟೋರ್ಸ್ ಕೆಲಸಕ್ಕೆ ಹೋಗಿಬರ್ತಿದ್ರು. ಮೂತ್ರದಲ್ಲಿ ರಕ್ತ ಬಂದಾಗ ಯಾರಿಗೂ ಹೇಳ್ಲಿಲ್ಲ ಈ ಮಹಾನುಭಾವರು. ಬಿಸಿಲಿಗೆ ಉಷ್ಣ ಆಗಿದೆ ಅಂತ ಎಳನೀರು ಕುಡ್ಕೊಂಡು ಓಡಾಡಿದ್ರು. ಹೇಳೋ ಹೊತ್ತಿಗೆ ಕಿಡ್ನೀಲಿ ಗೆಡ್ಡೆ. ಆಪರೇಷನ್ ಮಾಡಿ ಆ ಕಿಡ್ನಿ ತೆಗೆದ್ರು, ಆಯ್ತಪ್ಪ ಅಂತ ಉಸಿರು ಬಿಟ್ವಿ. ವರ್ಷ ತುಂಬೋದ್ರೊಳಗೆ ಶ್ವಾಸಕೋಶದಲ್ಲಿ ಮೂರ್ನಾಲ್ಕು ಕಡೆ ಚುಕ್ಕೆ. ನೋಡೋಕೆ ಬಂದೋರೆಲ್ಲ ಮೊದಲು ಕೇಳೋದು ಒಂದೇ, ಬೀಡಿ ಸೇದ್ತಿದ್ನಾ, ಕುಡೀತಿದ್ನಾ ಅಂತ. ಕಾಫಿ ಬಿಟ್ರೆ ಇನ್ನೊಂದು ಚಟ ಇಲ್ಲದ ಮನುಷ್ಯ. ಅದನ್ನ ಹೇಳಿ ಹೇಳಿ ನನ್ನ ಬಾಯಿ ಸವೆದುಹೋಯ್ತು.

ಬೆಂಗಳೂರಿನ ಆಸ್ಪತ್ರೇಲಿ ನಮ್ಮನ್ನ ನೋಡ್ತಿದ್ದೋರು ಡಾಕ್ಟರ್ ಸುಮಲತ. ನಿಧಾನಕ್ಕೆ, ಕನ್ನಡದಲ್ಲೇ ಹೇಳ್ತಾರೆ, ಕೇಳಿದ್ದನ್ನೇ ಮತ್ತೆ ಕೇಳಿದ್ರೂ ಮುಖ ಸಿಂಡರಿಸಲ್ಲ. ಹೊಸ ಥರದ ಡ್ರಿಪ್ ಕೊಡ್ತೀವಿ, ಇಮ್ಯುನೋಥೆರಪಿ ಅಂತ, ಅಂದ್ರು. ಈ ಔಷಧಿ ತಾನೇ ಹೋಗಿ ಗೆಡ್ಡೆನ ಸಾಯಿಸಲ್ಲವಂತೆ. ಮೈಯೊಳಗೆ ರೋಗದ ಮೇಲೆ ಬೀಳೋ ಕಣಗಳು ಇರ್ತಾವಲ್ಲ, ಗೆಡ್ಡೆ ಅವಕ್ಕೆ ಬ್ರೇಕ್ ಹಾಕಿ ಕೂರಿಸಿಬಿಟ್ಟಿರುತ್ತಂತೆ. ಔಷಧಿ ಆ ಬ್ರೇಕ್ ಬಿಡಿಸುತ್ತೆ. ಮುಂದಿನ ಕೆಲಸ ಆ ಕಣಗಳದ್ದೇ. ಅವು ಚುರುಕಾಗಿ ಮೇಲೆ ಬೀಳ್ತಾವೋ ತೂಕಡಿಸ್ತಾವೋ ಅನ್ನೋದು ಎಷ್ಟೋ ಮಟ್ಟಿಗೆ ಕರುಳಲ್ಲಿರೋ ಬ್ಯಾಕ್ಟೀರಿಯಾ ಮೇಲೆ ನಿಂತಿದೆ ಅಂತ ಈಗೀಗ ಗೊತ್ತಾಗ್ತಿದೆಯಂತೆ. ಎಲ್ಲ ಬ್ಯಾಕ್ಟೀರಿಯಾನೂ ಕೆಟ್ಟದ್ದಲ್ಲ, ಕರುಳಲ್ಲಿ ನೂರಾರು ಜಾತಿ ಇದಾವೆ, ಅವು ಚೆನ್ನಾಗಿದ್ದೋರಿಗೆ ಈ ಔಷಧಿ ಚೆನ್ನಾಗಿ ಹಿಡಿಯೋದನ್ನ ನೋಡಿದೀವಿ ಅಂದ್ರು.

ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಒತ್ತಿ ಹೇಳಿದ್ರು. ಡ್ರಿಪ್ ಶುರುವಾಗೋ ಆಸುಪಾಸಿನಲ್ಲಿ ಆಂಟಿಬಯೋಟಿಕ್ ತಗೊಂಡೋರಿಗೆ ಇದು ಅಷ್ಟಾಗಿ ಹಿಡಿಯಲ್ಲ, ಆ ಮಾತ್ರೆ ಒಳ್ಳೇದು ಕೆಟ್ಟದ್ದು ನೋಡದೆ ಹೊಟ್ಟೇಲಿರೋ ಎಲ್ಲವನ್ನೂ ಸಾಯಿಸುತ್ತೆ. ತೀರಾ ಜೀವಕ್ಕೆ ಬಂದ್ರೆ ನಾವೇ ಕೊಡ್ತೀವಿ, ನೀವಾಗಿ ನೀವು ಒಂದು ಮಾತ್ರೇನೂ ಹಾಕ್ಬೇಡಿ. ಅಂಗಡೀಲಿ ಸಿಗೋ ಬ್ಯಾಕ್ಟೀರಿಯಾ ಪುಡಿ, ಕ್ಯಾಪ್ಸೂಲೂ ಬೇಡ. ರಾಗಿ, ಕಾಳು, ಸೊಪ್ಪು, ನೀವು ತಿನ್ನೋದನ್ನೇ ತಿನ್ನಿ, ಅಷ್ಟೇ ಸಾಕು. ನಾನು ಹೂಂ ಅಂದೆ. ಇಷ್ಟು ಸುಲಭದ ಪಥ್ಯ ಯಾವ ಡಾಕ್ಟರೂ ಹೇಳಿರಲಿಲ್ಲ.

ಸುಲಭ ಅಂದ್ಕೊಂಡಿದ್ದು ಊರಿಗೆ ಬರೋವರೆಗೆ. ನಮ್ಮ ಕಡೆ ಸೀನಿದ್ರೆ ಮೆಡಿಕಲ್ ಸ್ಟೋರಿಗೆ ಹೋಗೋದು, ಎರಡು ಕೆಂಪು ಒಂದು ಹಳದಿ ಮಾತ್ರೆ ಕಾಗದದಲ್ಲಿ ಕಟ್ಟಿಸಿಕೊಂಡು ಬರೋದು. ಏನು ಮಾತ್ರೆ ಅಂತ ಕೊಡೋನೂ ಹೇಳಲ್ಲ, ತಗೊಳ್ಳೋನೂ ಕೇಳಲ್ಲ. ನಮ್ಮ ಮೈದುನ ನಾಗೇಶ್ ಆಂಡರ್ಸನ್‌ಪೇಟೇಲಿ ಮೊಬೈಲ್ ಅಂಗಡಿ ಇಟ್ಟವ್ನೆ. ಅಣ್ಣನ ಗಂಟಲು ಗರಗರ ಅನ್ನುತ್ತೆ ಅಂತ ಫೋನಲ್ಲಿ ಕೇಳಿಸಿಕೊಂಡು, ಅವತ್ತೇ ಬೈಕಲ್ಲಿ ಮಾತ್ರೆ ತಂದ. ನಾನು ಅವನ ಮುಂದೇನೇ ತಿಪ್ಪೆಗೆ ಎಸೆದೆ. ಮುಖ ಊದಿಸ್ಕೊಂಡು ಹೋದೋನು, ಮಾರನೇ ವಾರ ಅಮೃತಬಳ್ಳಿ ಕಷಾಯ ತಂದ. ಅದರ ಮಾರನೇ ವಾರ ವಾಟ್ಸಾಪಲ್ಲಿ ಯಾರೋ ಹೇಳಿದ್ರು ಅಂತ ಕರುಳು ಶುದ್ಧಿ ಮಾಡೋ ಪುಡಿ ತಂದ. ಶುದ್ಧಿ ಮಾಡಿದ್ರೆ ಉಳಿಯೋದೇನಪ್ಪ ಅಂತ ಕೇಳಿದ್ರೆ, ಅತ್ತಿಗೆ ನೀವು ಪಿಯುಸಿ ಓದಿದ್ದೇ ತಪ್ಪಾಯ್ತು ಅಂದ.

ಇವರೋ, ಯಾರು ಏನು ಕೊಟ್ರೂ ಬೇಡ ಅನ್ನೋ ಜನ್ಮ ಅಲ್ಲ. ಪ್ರೀತಿಯಿಂದ ತಂದವ್ರೆ, ಒಂದು ಗುಟುಕು ಕುಡಿದ್ರೆ ಏನಾಗುತ್ತೆ ಶಶಿ ಅಂತಾರೆ. ಹಾಗಾಗಿ ನಾನು ಬಾಗಿಲಲ್ಲೇ ಕೂರೋದಾಯ್ತು. ಬಂದೋರ ಚೀಲ ಬಗ್ಗಿ ಬಗ್ಗಿ ನೋಡ್ತಿದ್ದೆ. ಗಂಡನಿಗೆ ಒಂದು ಹಣ್ಣು ತಿನ್ನೋಕೂ ಬಿಡಲ್ಲ, ರಾಕ್ಷಸಿ ಅಂತ ಊರಲ್ಲಿ ಹೆಸರು ಬಂತು. ಬರ್ಲಿ, ಅಂದ್ಕೊಂಡೆ.

ಇನ್ನು ಡಬ್ಬಿ ವಿಷಯ ಒಂದಿದೆ. ಆಸ್ಪತ್ರೇಲಿ ಇದರ ಮೇಲೆ ಅಧ್ಯಯನ ನಡೀತಿತ್ತು, ಅದರಲ್ಲಿ ಇವರನ್ನೂ ಸೇರಿಸ್ಕೊಂಡಿದ್ರು. ಡ್ರಿಪ್ ಶುರುವಾಗೋ ಮುಂಚೆ ಒಂದು ಸಲ, ಆಮೇಲೆ ಮತ್ತೊಂದು ಸಲ ಮಲ ತಂದುಕೊಡ್ಬೇಕು, ಕರುಳಲ್ಲಿ ಯಾವ ಯಾವ ಜಾತಿ ಇದಾವೆ ಅಂತ ನೋಡೋಕೆ. ಡಬ್ಬಿ ಅವರೇ ಕೊಟ್ಟಿದ್ರು, ಐಸ್ ತುಂಬಿದ ಪೆಟ್ಟಿಗೇನೂ ಕೊಟ್ಟಿದ್ರು. ಅದನ್ನ ಮಡಿಲಲ್ಲಿಟ್ಕೊಂಡು ಬಂಗಾರಪೇಟೆ ಸ್ಟೇಷನ್ನಲ್ಲಿ ರೈಲು ಹತ್ತಿದ್ದು ನಾನು. ಎದುರು ಸೀಟಿನ ಹೆಂಗಸು, ಏನಮ್ಮ ಅಷ್ಟು ಜೋಪಾನ, ಸ್ವೀಟಾ ಅಂದ್ರು. ಇವರು ಕಿಟಕಿ ಕಡೆ ತಿರುಗಿ ಭುಜ ಕುಲುಕಿಸ್ಕೊಂಡು ನಗ್ತಾ ಇದ್ರು. ಕಾಯಿಲೆ ಬಂದಮೇಲೆ ಅವರು ಹಾಗೆ ನಕ್ಕಿದ್ದು ಅದೇ ಮೊದಲು, ಅದಕ್ಕೆ ಸುಮ್ಮನಾದೆ.

ಎರಡು ಡ್ರಿಪ್ ಆಯ್ತು. ಮೂರನೇದಕ್ಕೆ ಹೋದಾಗ ಡಾಕ್ಟರ್ ಸುಮಲತ ಎಂದಿನ ಹಾಗಿರಲಿಲ್ಲ. ಕಂಪ್ಯೂಟರ್ ನೋಡ್ತಾರೆ, ನಮ್ಮ ಮುಖ ನೋಡ್ತಾರೆ. ಇವರಿಗೆ ಆಂಟಿಬಯೋಟಿಕ್ ಏನಾದ್ರೂ ಕೊಟ್ರಾ ಅಂದ್ರು. ಇಲ್ಲ ಅಂದೆ. ಜ್ವರ ಬಂದಿತ್ತಾ, ಹಲ್ಲು ಕೀಳಿಸಿದ್ರಾ, ಇಂಜೆಕ್ಷನ್ ಹಾಕಿಸಿದ್ರಾ? ಎಲ್ಲಕ್ಕೂ ಇಲ್ಲ ಅಂದೆ. ನೋಡಿ ಶಶಿರೇಖ, ನಾನು ಬಯ್ಯಲ್ಲ, ನಿಜ ಹೇಳಿ, ಮೊದಲನೇ ಡಬ್ಬೀಲಿದ್ದ ಜಾತಿಗಳಲ್ಲಿ ಅರ್ಧಕ್ಕರ್ಧ ಎರಡನೇದರಲ್ಲಿ ಇಲ್ಲ, ಮಾತ್ರೆ ತಿನ್ನದೆ ಹೀಗಾಗೋದು ಕಷ್ಟ ಅಂದ್ರು.

ನನಗೆ ಎಲ್ಲಿತ್ತೋ ಸಿಟ್ಟು. ಮೈದುನನ ಹತ್ರ ಜಗಳ ಆಡಿ, ಊರೋರ ಹತ್ರ ರಾಕ್ಷಸಿ ಅನ್ನಿಸಿಕೊಂಡು, ನಾಯಿ ಕಾದ ಹಾಗೆ ಈ ಮನುಷ್ಯನ್ನ ಕಾದೋಳು ನಾನು, ಕೊನೆಗೆ ಸುಳ್ಳಿ ಅನ್ನಿಸಿಕೊಳ್ಳೋದೂ ನಾನೇನಾ ಅನ್ನಿಸ್ತು. ಅವರ ಮುಂದೆ ಹಾಗೇ ಅಂದೂಬಿಟ್ಟೆ. ಇವರು ಕೈ ಹಿಡಿದು ಎಳೆದ್ರು, ನಾನು ಕೊಡವಿದೆ. ಡಾಕ್ಟರ್ ನೀರು ಕೊಟ್ರು. ಆಯ್ತು, ನಂಬಿದೆ, ದಿನಾ ಏನು ತಿಂತಾರೆ ಒಂದೊಂದೇ ಹೇಳಿ ಅಂದ್ರು.

ಹೇಳಿದೆ. ಬೆಳಿಗ್ಗೆ ರಾಗಿ ರೊಟ್ಟಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿ, ಅವರೆಕಾಳು. ಎರಡು ಹೊತ್ತೂ ಹಾಲು. ಮೊಸರು, ಮಜ್ಜಿಗೆ? ಅಂದ್ರು ಡಾಕ್ಟರ್. ಮೊಸರಿನ ಹೆಸರು ಎತ್ತುತ್ಲೂ ನನಗೆ ರೇಗಿಹೋಯ್ತು. "ಮೊಸರೆಲ್ಲಿಂದ ತರ್ಲಿ ಡಾಕ್ಟ್ರೇ, ನಮ್ಮನೇಲಿ ಹಾಲು ಹೆಪ್ಪೇ ಆಗಲ್ಲ, ಒಂದು ತಿಂಗಳಿಂದ ನನ್ನ ಪ್ರಾಣ ತಿಂತಾ ಇದೆ," ಅಂದೆ.

ಅವರು ಟೈಪ್ ಮಾಡೋದು ನಿಲ್ಲಿಸಿದ್ರು. "ಹಾಲು ಯಾರ ಮನೇದು?" ಅಂದ್ರು. ನಮ್ಮದೇ ಅಂದೆ. "ಹಸುವಿಗೇನಾದ್ರೂ ಔಷಧಿ ಹಾಕ್ತಿದೀರಾ?"

ಅವರು ಕೇಳಿ ಮುಗಿಸೋದ್ರೊಳಗೆ ನನಗೆ ಗೊತ್ತಾಗಿಹೋಯ್ತು.

ಕರೀ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ದನದ ಆಸ್ಪತ್ರೆ ಕಾಂತರಾಜ್ ಬಂದು ತೊಟ್ಟಿನೊಳಕ್ಕೆ ಟ್ಯೂಬಿನ ಔಷಧಿ ಏರಿಸಿ ಹೋಗಿದ್ರು. ಒಂದು ತೊಟ್ಟು ವಾಸಿಯಾದ್ರೆ ಇನ್ನೊಂದು ಊದ್ಕೊಳ್ತಿತ್ತು, ಮತ್ತೆ ಟ್ಯೂಬು, ಮತ್ತೆ ಇಂಜೆಕ್ಷನ್ನು. ಹಾಗೇ ಎಳೀತಾನೇ ಇತ್ತು. ಔಷಧಿ ಹಾಕಿದ ಹಸುವಿನ ಹಾಲು ಡೈರಿಗೆ ಹಾಕಂಗಿಲ್ಲ. ಅದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಹಿಂದೊಂದು ಸಲ ನಮ್ಮತ್ತೆ ಗೊತ್ತಿಲ್ಲದೆ ಹಾಕಿಬಿಟ್ಟು, ಊರ ಹಾಲೆಲ್ಲ ದೊಡ್ಡ ಡೈರಿಯಿಂದ ವಾಪಸ್ ಬಂದು, ಡೈರಿ ಮುಂದೆ ಜನ ಸೇರಿ ಅತ್ತೆ ಮರ್ಯಾದೆ ತೆಗೆದಿದ್ರು. ಅವತ್ತಿಂದ ಅತ್ತೆ ಇದನ್ನ ವ್ರತದ ಹಾಗೆ ಪಾಲಿಸ್ತಾರೆ. ಬಾವು ಬಂತೋ, ಆ ಹಸುವಿನ ಹಾಲು ಒಂದು ತೊಟ್ಟೂ ಕ್ಯಾನಿಗೆ ಬೀಳಲ್ಲ. ಕೆಂಪು ಹಸುವಿಂದು ಡೈರಿಗೆ, ಕರೀದರದ್ದು ಮನೆಗೆ.

ಮನೆಗೆ. ಅದನ್ನ ಚೆಲ್ಲಬೇಕು ಅಂತ ನಮ್ಮೂರಲ್ಲಿ ಯಾರಿಗೂ ಹೊಳೆಯಲ್ಲ. ಕಾಂತರಾಜೂ ಡೈರಿಗೆ ಹಾಕ್ಬೇಡಿ ಅಂತಾರೆಯೇ ಹೊರತು ಕುಡೀಬೇಡಿ ಅಂತ ಬಾಯಿಬಿಟ್ಟು ಹೇಳಲ್ಲ. ಡೈರೀಲಿ ಮಿಷನ್ನಿದೆ, ಹಿಡಿಯುತ್ತೆ. ಹೊಟ್ಟೇಲಿ ಮಿಷನ್ ಎಲ್ಲಿದೆ? ಮಗನಿಗೆ ಹುಷಾರಿಲ್ಲದ ಹೊತ್ತಲ್ಲೇ ಇಷ್ಟು ಹಾಲು ಮನೇಲಿ ಉಳೀತಾ ಇರೋದು ದೇವರ ಕೃಪೆ ಅಂತ ಅತ್ತೆ ಬೆಳಿಗ್ಗೆ ಒಂದು ದೊಡ್ಡ ಲೋಟ, ಸಾಯಂಕಾಲ ಒಂದು, ಅರಿಶಿನ ಮೆಣಸು ಹಾಕಿ ಕಾಯಿಸಿ, ತಾವೇ ಎದುರಿಗೆ ನಿಂತು ಕುಡಿಸ್ತಿದ್ರು. ನಾನು ಬಾಗಿಲಲ್ಲಿ ಕೂತು ಬಂದೋರ ಚೀಲ ನೋಡ್ತಿದ್ದೆ. ಅಡುಗೆಮನೆ ಕಡೆ ತಿರುಗಿ ನೋಡ್ಲಿಲ್ಲ.

ಮೊಸರಾಗೋಕೂ ಬ್ಯಾಕ್ಟೀರಿಯಾನೇ ಬೇಕು, ಆ ಹಾಲಲ್ಲಿರೋ ಔಷಧಿ ಅವನ್ನೂ ಬಿಟ್ಟಿಲ್ಲ ಅಂದ್ರು ಡಾಕ್ಟರ್. ಕಾಯಿಸಿದ್ರೂ ಪೂರ್ತಿ ಹೋಗಲ್ಲವಂತೆ. ಹಾಗಾದ್ರೆ ಡ್ರಿಪ್ ಎಲ್ಲ ದಂಡ ಆಯ್ತಾ ಅಂತ ಕೇಳಿದೆ. ಹಾಗೆ ಹೇಳೋಕಾಗಲ್ಲ, ಹಾಲಲ್ಲಿ ಬಂದಷ್ಟಕ್ಕೆ ಇಷ್ಟಾಗುತ್ತಾ ಅಂತ ಯಾರೂ ಅಳೆದು ನೋಡಿಲ್ಲ, ಎಲ್ಲ ಸರಿ ಇದ್ದೋರಲ್ಲೂ ಎಷ್ಟೋ ಜನಕ್ಕೆ ಈ ಔಷಧಿ ಹಿಡಿಯಲ್ಲ, ಇವತ್ತಿಂದ ಆ ಹಾಲು ನಿಲ್ಲಿಸಿ, ಕರುಳು ತಾನಾಗೇ ಸುಧಾರಿಸ್ಕೊಳ್ಳುತ್ತೆ, ಸ್ಕ್ಯಾನ್ ಮಾಡೋವರೆಗೆ ಕಾಯೋಣ ಅಂದ್ರು. ಆ ತಾಯಿನ ಬಯ್ಯಬೇಡಿ ಅಂತಾನೂ ಅಂದ್ರು. ಬಯ್ಯದೆ ಇರೋಕೆ ನಾನೇನು ದೇವತೆಯಾ?

ವಾಪಸ್ ಬರೋ ರೈಲಲ್ಲಿ ದಾರಿ ಪೂರ್ತಿ ಬಯ್ಕೊಂಡೇ ಬಂದೆ. ಅತ್ತೆಗೆ, ಕರೀ ಹಸುವಿಗೆ, ಕಾಂತರಾಜ್‌ಗೆ, ಡೈರಿಗೆ, ಯಾರನ್ನೂ ಬಿಡ್ಲಿಲ್ಲ. ಮನೆಗೆ ಹೋಗಿ ಮೊದಲು ನಿಮ್ಮಮ್ಮನಿಗೆ ನೆತ್ತಿ ಮೇಲೆ ಬಡಿದ ಹಾಗೆ ಹೇಳ್ತೀನಿ, ನೋಡ್ತಾ ಇರಿ ಅಂದೆ. ಮಾಲೂರು ದಾಟಿದಮೇಲೆ ಇವರು ನನ್ನ ಕಡೆ ತಿರುಗದೆ, "ಅಮ್ಮನಿಗೆ ಹೇಳ್ಬೇಡ ಶಶಿ," ಅಂದ್ರು.

ಯಾಕೆ ಹೇಳ್ಬಾರದು ಅಂದೆ.

"ವಾಸಿಯಾದ್ರೆ ನಾನೇ ಹೇಳ್ತೀನಿ, ನಗ್ತಾ ಹೇಳ್ತೀನಿ. ಆಗದೆ ಹೋದ್ರೆ, ನಾನು ಹೋದಮೇಲೂ ಅವಳು ಇರ್ಬೇಕಲ್ಲ. ಕೈಯಾರೆ ಕುಡಿಸ್ದೆ ಅಂತ ಅನ್ಕೊಂಡು ಹೇಗಿರ್ತಾಳೆ?"

ತನ್ನ ಜೀವಕ್ಕೇ ಬಂದು ಕೂತಿರುವಾಗ, ಅಮ್ಮನಿಗೆ ಬೇಜಾರಾಗುತ್ತೆ ಅಂತ ಯೋಚನೆ ಮಾಡೋ ಮನುಷ್ಯನ್ನ ಕಟ್ಕೊಂಡಿದೀನಿ. ಮೂತ್ರದಲ್ಲಿ ರಕ್ತ ಬಂದಾಗ ಸುಮ್ಮನಿದ್ದದ್ದೂ ಇದೇ ಬುದ್ಧೀಲೇ. ಆದ್ರೂ ಕಿಟಕಿ ಕಡೆ ತಿರುಗಿದ್ದ ಆ ಕುತ್ತಿಗೆ ನೋಡಿ, ಕಾಲರ್ ಎಷ್ಟು ಸಡಿಲ ಆಗಿದೆ ಅಂತ ನೋಡಿ, ಹೂಂ ಅಂದೆ.

ಮನೇಲಿ ಏನು ಹೇಳ್ಬೇಕು ಅಂತ ದಾರೀಲೇ ಹೊಂದಿಸ್ಕೊಂಡೆ. ಡಾಕ್ಟರು ಹಾಲು ಬೇಡ ಅಂದವ್ರೆ ಅತ್ತೆ, ಈ ಔಷಧಿಗೆ ಹಾಲು ಆಗಿಬರಲ್ಲವಂತೆ ಅಂದೆ. ಅತ್ತೆ ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ಹಾಲು ಬೇಡ ಅನ್ನೋ ಡಾಕ್ಟರನ್ನ ಈ ಭೂಮಿ ಮೇಲೆ ಯಾರೂ ನೋಡಿಲ್ಲ ಅಂದ್ರು. ಕರೀ ಹಸುವಿನ ಹಾಲು ಮನೆಗೇ ಬೇಡ, ಬಾವು ಇರೋವರೆಗೂ ತಿಪ್ಪೆಗೆ ಸುರೀತೀನಿ ಅಂದೆ. ಸುರಿದೂಬಿಟ್ಟೆ. ಅವತ್ತು ಅತ್ತೆ ಅಂಗಳದಲ್ಲಿ ಕೂತು ಎದೆ ಎದೆ ಬಡ್ಕೊಂಡ್ರು. ಲಕ್ಷ್ಮೀನ ತಿಪ್ಪೆಗೆ ಸುರೀತಾಳೆ, ಮನೆ ಉದ್ಧಾರ ಆಗುತ್ತಾ ಅಂತ. ವೆಂಕಟರತ್ನಮ್ಮ ಕಾಂಪೌಂಡ್ ಮೇಲಿಂದ ಕತ್ತು ಚಾಚಿ ನೋಡಿದ್ರು. ಸಾಯಂಕಾಲದ ಹೊತ್ತಿಗೆ ಊರಿಗೆಲ್ಲ ಗೊತ್ತಾಯ್ತು, ಶಶಿರೇಖ ಸಾಯೋ ಗಂಡನಿಗೆ ಹಾಲು ಕೊಡದೆ ಒಳ್ಳೇ ಹಾಲನ್ನೆಲ್ಲ ಡೈರಿಗೆ ಹಾಕಿಸ್ತಾಳೆ ಅಂತ.

ನಾಗೇಶ್ ಫೋನ್ ಮಾಡಿ, ಅತ್ತಿಗೆ ಏನಿದು, ಅಮ್ಮ ಅಳ್ತಾವ್ಳೆ ಅಂದ. ಫೋನ್ ಕಟ್ ಮಾಡಿದೆ. ಕೋಲಾರದಲ್ಲಿ ಹಾಸ್ಟೆಲಲ್ಲಿದ್ದು ಓದ್ತಿರೋ ಮಗಳು ಲಿಖಿತಂಗೂ ಅಜ್ಜಿ ದೂರು ಹೇಳಿದ್ರಂತೆ. ಅವಳೂ ಫೋನ್ ಮಾಡಿ, ಅಮ್ಮ, ಅಜ್ಜಿ ಹತ್ರ ಸ್ವಲ್ಪ ಮೃದುವಾಗಿ ಮಾತಾಡೋಕೆ ಏನು ನಿಂಗೆ ಅಂದ್ಲು. ನನ್ನ ಮಗಳ ಬಾಯಲ್ಲೂ ಅದೇ. ನಿಜ ಬಾಯಿಗೆ ಬಂತು, ಆದ್ರೆ ಇವಳಿಗೆ ಹೇಳಿದ್ರೆ ಅಜ್ಜಿಗೆ ಹೇಳಿದ ಹಾಗೇ. ನಂಗೆ ಮೃದುವಾಗಿ ಮಾತಾಡೋಕೆ ಬರಲ್ಲಮ್ಮ ಅಂದೆ.

ಅಷ್ಟಕ್ಕೆ ಮುಗೀತಾ? ಒಂದು ದಿನ ಬೆಳಿಗ್ಗೆ ಮೇವು ತಗೊಂಡು ಕೊಟ್ಟಿಗೆ ಹಿಂದಕ್ಕೆ ಹೋದ್ರೆ, ಅಲ್ಲಿ ಹುಣಸೆಮರದ ಕೆಳಗೆ ಅಮ್ಮ ಮಗ ಇಬ್ಬರೂ ನಿಂತವ್ರೆ. ಅತ್ತೆ ಸೆರಗಿನ ಮರೇಲಿ ಲೋಟ, ಕರೀ ಹಸುವಿನ ಹಾಲು. ಇವರ ತುಟಿ ಮೇಲೆ ಹಾಲಿನ ನೊರೆ. ಐವತ್ತರ ಹತ್ರ ಬಂದ ಗಂಡಸು, ಕದ್ದು ಹಾಲು ಕುಡೀತಾ ಇದಾನೆ, ಅದೂ ಎಲ್ಲ ಗೊತ್ತಿದ್ದೂ. ಲೋಟ ಕಿತ್ಕೊಂಡು ಎಸೆದೆ, ಅದು ಕಲ್ಲಿಗೆ ಬಡಿದು ಠಣ್ ಅಂತು. ಅತ್ತೆ ಕಣ್ಣಲ್ಲಿ ನೀರು ತುಂಬ್ಕೊಂಡು, ನಾಯ್ನಾ, ಈ ಹೆಂಗಸು ನಿನ್ನ ಉಳಿಸಲ್ಲ ಕಣೋ ಅಂತ ಒಳಗೆ ಹೋದ್ರು.

ಅವರು ಹೋದಮೇಲೆ ನಾನು ಇವರ ಮುಂದೆ ನಿಂತೆ. ಒಂದೇ ಗುಟುಕು ಕಣೆ, ಅಷ್ಟು ಹೊತ್ತು ಲೋಟ ಹಿಡ್ಕೊಂಡು ನಿಂತಿದ್ಲು, ಹೇಗೆ ಬೇಡ ಅನ್ನೋದು ಅಂದ್ರು. ನಿಮಗೆ ಬದುಕ್ಬೇಕು ಅಂತ ಇದೆಯೋ ಇಲ್ವೋ ಅದನ್ನ ಹೇಳಿ, ಇಲ್ಲ ಅಂದ್ರೆ ನಾನೂ ಈ ನಾಯಿಪಾಡು ಪಡೋದು ನಿಲ್ಲಿಸ್ತೀನಿ ಅಂದೆ. ಇದೆ ಅಂದ್ರು. ತುಂಬಾ ಇದೆ ಅಂದ್ರು. ಅಂದು, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ರು, ನಿಂತ್ಕೊಳ್ಳೋಕೆ ಶಕ್ತಿ ಇರಲಿಲ್ಲ ಅವರಿಗೆ. ಅವತ್ತೇ ಕರೀ ಹಸುನ ಕಾಮಸಮುದ್ರದಲ್ಲಿರೋ ನಮ್ಮಣ್ಣನ ಮನೆಗೆ ಹೊಡೆಸಿಕೊಟ್ಟೆ, ವಾಸಿ ಆಗೋವರೆಗೂ ನೋಡ್ಕೋ, ಹಾಲು ಮಾತ್ರ ಯಾರೂ ಬಾಯಿಗಿಡಬೇಡಿ ಅಂತ ಹೇಳಿ. ತವರಿಗೆ ಹಸು ಸಾಗಿಸಿದ್ಲು ಅಂತ ಇನ್ನೊಂದು ಮಾತು ಬಂತು.

ಕೆಂಪು ಹಸುವಿನ ಹಾಲಿಗೆ ಹೆಪ್ಪು ಹಾಕಿದೆ, ಮೊಸರು ಗಟ್ಟಿಯಾಗಿ ಆಯ್ತು. ಅತ್ತೆ ಅದನ್ನ ನೋಡಿ, ದೃಷ್ಟಿ ತೆಗೆದಿದ್ದಕ್ಕೆ ಆಯ್ತು ಅಂದ್ರು. ಇವರು ಆ ಮೊಸರಲ್ಲಿ ಒಂದು ತುತ್ತು ಜಾಸ್ತಿ ಉಂಡ್ರೆ ನನಗೆ ಆಸೆ ಚಿಗುರ್ತಿತ್ತು. ಮೆಟ್ಟಿಲು ಹತ್ತುವಾಗ ಏದುಸಿರು ಬಿಟ್ರೆ ಕುಸೀತಿತ್ತು. ಸ್ಕ್ಯಾನ್ ದಿನ ಬರೋವರೆಗೂ ಹೀಗೇ ಏರಿಳಿತ.

ಸ್ಕ್ಯಾನ್ ಆಯ್ತು. ಡಾಕ್ಟರ್ ಸುಮಲತ ಕುರ್ಚಿ ಎಳ್ಕೊಂಡು ನಮ್ಮ ಪಕ್ಕಕ್ಕೇ ಬಂದು ಕೂತ್ರು. ಹಾಗೆ ಬಂದು ಕೂತಾಗ್ಲೇ ನಾನು ಕೇಳ್ಬೇಕಾಗಿದ್ದು ಏನೂ ಉಳೀಲಿಲ್ಲ. ಗೆಡ್ಡೆಗಳು ದೊಡ್ಡದಾಗಿವೆ, ಪಿತ್ತಕೋಶದ ಹತ್ರ ಒಂದು ಹೊಸದು ಬಂದಿದೆ ಅಂದ್ರು. ಈ ಡ್ರಿಪ್ ನಿಲ್ಲಿಸ್ತೀವಿ, ಬೇರೆ ಮಾತ್ರೆ ಇದೆ, ಅದನ್ನ ಶುರು ಮಾಡೋಣ, ಸ್ವಲ್ಪ ಕಾಲ ಹಿಡಿದಿಡುತ್ತೆ ಅಂದ್ರು. ಹಾಲಿಂದಾನೇನಾ ಡಾಕ್ಟ್ರೇ ಅಂತ ಕೇಳಿದೆ, ಕೇಳದೆ ಇರೋಕಾಗ್ಲಿಲ್ಲ. ಗೊತ್ತಿಲ್ಲ ಶಶಿರೇಖ, ನಿಜವಾಗ್ಲೂ ಗೊತ್ತಿಲ್ಲ, ಹಾಲು ಕುಡೀದೇ ಇದ್ದಿದ್ರೂ ಹೀಗೇ ಆಗ್ತಿತ್ತೇನೋ, ಇಲ್ವೇನೋ, ಇದನ್ನ ಹೇಳೋಕೆ ಯಾರಿಂದಲೂ ಆಗಲ್ಲ ಅಂದ್ರು. ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟು ಮಿಷನ್ನು, ಆ ಡಬ್ಬಿ ಈ ಡಬ್ಬಿ, ಕೊನೆಗೆ ಗೊತ್ತಿಲ್ಲ. ಅವರ ಮೇಲೆ ಸಿಟ್ಟು ಮಾಡ್ಕೊಳ್ಳೋಣ ಅಂದ್ರೆ ಅವರ ಕಣ್ಣೂ ಕೆಂಪಾಗಿತ್ತು.

ಊರಿಗೆ ಬಂದಾಗ ಅತ್ತೆ ಜಗುಲಿ ಮೇಲೆ ಕೂತಿದ್ರು. ಇವರು ಅಮ್ಮನ ತಲೆ ಮೇಲೆ ಒಂದು ಸಲ ಕೈಯಿಟ್ಟು, ಆಮೇಲೆ ಹೇಳ್ತೀನಮ್ಮ ಅಂತ ಒಳಗೆ ಹೋಗಿ ಮಲಗಿದ್ರು. ಅತ್ತೆ ನನ್ನ ಮುಖ ನೋಡಿದ್ರು. ಡ್ರಿಪ್ ಹಿಡೀಲಿಲ್ಲವಂತೆ ಅತ್ತೆ, ನಿಲ್ಲಿಸಿದ್ರು, ಮಾತ್ರೆ ಕೊಟ್ಟವ್ರೆ ಅಂದೆ. ಅತ್ತೆ ಕಂಬ ಹಿಡ್ಕೊಂಡು ಎದ್ದು ನನ್ನ ಎದುರಿಗೆ ಬಂದು ನಿಂತ್ರು.

"ಆಲು ಕುಡ್ಕಂಡು ಗಟ್ಟಿಯಾಗಿದ್ದ ನನ್ ಮಗ," ಅಂದ್ರು. "ಆ ಆಲು ನಿಲ್ಸಿದ್ಯಲ್ಲ, ಅವತ್ತಿಂದಾನೇ ಇಳ್ದೋದ. ಅದ್ಕೇ ಔಸ್ದಿ ಇಡೀಲಿಲ್ಲ. ಏಳು, ನೀನೇ ತಾನೇ ನಿಲ್ಸಿದ್ದು?"

ಇಷ್ಟು ದಿನ ನುಂಗಿದ್ದೆಲ್ಲ ನಾಲಿಗೆ ತುದಿಗೆ ಬಂದು ನಿಂತ್ಕೊಳ್ತು. ಒಂದೇ ಒಂದು ಮಾತು, ಹೇಳಿಬಿಟ್ರೆ ಊರೋರ ಬಾಯಿ, ಮೈದುನನ ಬಾಯಿ, ಮಗಳ ಬಾಯಿ, ಎಲ್ಲ ಒಟ್ಟಿಗೆ ಮುಚ್ತಿತ್ತು. ಈ ಮುದುಕಿ ಬಾಯೂ ಮುಚ್ತಿತ್ತು, ಇನ್ನೆಂದೂ ತೆರೀದ ಹಾಗೆ. ಆದ್ರೆ ಅದಕ್ಕೆ, ಡಾಕ್ಟರೇ ಗೊತ್ತಿಲ್ಲ ಅಂದಿದ್ದನ್ನ ನಾನು ಗೊತ್ತಿರೋಳ ಹಾಗೆ ಒಬ್ಬ ತಾಯಿ ತಲೆಗೆ ಕಟ್ಟಬೇಕಾಗಿತ್ತು. ಒಳಗೆ ಮಂಚ ಕಿರ್ ಅಂದಿದ್ದು ಕೇಳಿಸ್ತು. ಇವರು ಎದ್ದು ಕೂತಿದ್ರು, ನಾನೇನು ಹೇಳ್ತೀನಿ ಅಂತ ಕಾಯ್ತಿದ್ರು.

"ಹೂಂ ಅತ್ತೆ, ನಾನೇ ನಿಲ್ಸಿದ್ದು," ಅಂದೆ. "ತಪ್ಪಾಯ್ತು."

ಅತ್ತೆ ನನ್ನ ಭುಜಕ್ಕೆ ಹೊಡೆದ್ರು. ಮತ್ತೆ ಹೊಡೆದ್ರು. ನಾನು ಹಿಂದೆ ಸರೀಲಿಲ್ಲ. ಹೊಡೆಯೋಕೆ ಕೈ ಸೋತಮೇಲೆ ಅದೇ ಭುಜದ ಮೇಲೆ ತಲೆಯಿಟ್ಟು ಅತ್ರು, ನಾನು ಅವರನ್ನ ಹಿಡ್ಕೊಂಡು ನಿಂತಿದ್ದೆ.